ಸಂತ ಇಗ್ನೇಷಿಯಸ್ಸರ ಬರವಣಿಗೆಯ ಪುಸ್ತಕ

ಯೇಸುಸಭೆಯ ಸ್ಥಾಪಕರಾದ ಲೊಯೋಲಾದ ಸಂತ ಇಗ್ನೇಷಿಯಸ್ಸರ ಹೆಸರನ್ನು ಅರಿಯದ ಕಥೋಲಿಕ ಕುಟುಂಬ ವಿರಳ. ದೊಡ್ಡಬಳ್ಳಾಪುರ ಸೀಮೆಯ ಮಧುರೆಯವರಾದ ನಮಗೆ ಅವರ ಸ್ಪೇನ್ ದೇಶ ದೂರವಾದರೂ ಅವರ ಪರಂಪರೆ ದೂರದ್ದಲ್ಲ. 17ನೆಯ ಶತಮಾನದ ನಡುಭಾಗದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು, ಕನ್ನಡ ಕಲಿತು, ಕನ್ನಡದಲ್ಲಿಯೇ ಜ್ಞಾನೋಪದೇಶವನ್ನು ಬರೆದ ಲಿಯೊನಾರ್ಡೊ ಚಿನ್ನಮಿ ಸ್ವಾಮಿಗಳು ಆ ಸಭೆಯವರೇ. ಸಂತರ ಜೀವನದ ಅನೇಕ ಸಂಗತಿಗಳಲ್ಲಿ, ಓದಿದ್ದನ್ನು ಬರೆದಿಡುತ್ತಿದ್ದ ಅವರ ರೂಢಿಯೊಂದನ್ನೇ ನಾವು ಇಲ್ಲಿ ಸ್ಮರಿಸುತ್ತೇವೆ. ಶ್ರೀಗ್ರಂಥವನ್ನು ಓದುವವರಿಗೆ ಅದು ಬೇಕಾದದ್ದು.

1491ರಲ್ಲಿ ಬಾಸ್ಕ್ ನಾಡಿನ ಕುಲೀನ ಮನೆತನದಲ್ಲಿ ಜನಿಸಿದ ಇಗ್ನೇಷಿಯಸ್ಸರು 1521ರ ಮೇ 20ರಂದು ಪಾಂಪ್ಲೋನ ಕೋಟೆಯ ಕಾಳಗದಲ್ಲಿ ಫಿರಂಗಿಯ ಗುಂಡು ತಗುಲಿ ಬಲಗಾಲು ಮುರಿದುಕೊಂಡರು. ಹಾಸಿಗೆ ಹಿಡಿದವರು ಕಾಲ ಕಳೆಯಲು ವೀರಕಥೆಗಳನ್ನು ಬೇಡಿದರು. ಮನೆಯಲ್ಲಿ ದೊರೆತವು ಸ್ಯಾಕ್ಸನಿಯ ಲುಡಾಲ್ಫ್ ಎಂಬ ಸನ್ಯಾಸಿ ಬರೆದ ಕ್ರಿಸ್ತಚರಿತ್ರೆ ಹಾಗೂ ಸಂತರ ಚರಿತ್ರೆ ಮಾತ್ರ. ಓದುತ್ತ ಓದುತ್ತ, ಮುಖ್ಯವೆನಿಸಿದ ಭಾಗಗಳನ್ನು ಒಂದು ಪುಸ್ತಕದಲ್ಲಿ ಬರೆದುಕೊಳ್ಳತೊಡಗಿದರು. ಯೇಸುಸ್ವಾಮಿಯ ಮಾತುಗಳಿಗೆ ಕೆಂಪು ಶಾಯಿ, ಮಾತೆ ಮರಿಯಮ್ಮನವರ ಮಾತುಗಳಿಗೆ ನೀಲಿ, ಗೆರೆ ಎಳೆದ ನುಣುಪು ಕಾಗದ, ಅಕ್ಷರವೂ ಅಂದವಾದದ್ದು. ಹೀಗೆ ಸುಮಾರು 300 ಹಾಳೆಗಳು ತುಂಬಿದವು. ಶುಭಸಂದೇಶಗಳಲ್ಲಿ ಮರಿಯಮ್ಮನವರು ಎಷ್ಟು ಮಿತಭಾಷಿಣಿಯೆಂಬುದನ್ನು ಬಲ್ಲವರಿಗೆ ನೀಲಿ ಶಾಯಿ ಹೆಚ್ಚು ವೆಚ್ಚವಾಗಿರಲಾರದೆಂದು ತೋರೀತು! ಕೈ ನಿಧಾನವಾಗಿ ನಡೆದಂತೆ ಮನಸ್ಸೂ ನಿಧಾನಕ್ಕೆ ಬಂದಿರಬೇಕೆಂದು ನಾವು ಭಾವಿಸುತ್ತೇವೆ. ಲೌಕಿಕ ಕೀರ್ತಿಯ ಕನಸು ಹಿತವಾಗಿದ್ದು ಬಳಿಕ ಬರಡುತನವನ್ನು ಉಳಿಸುವುದನ್ನೂ, ಸಂತರ ದಾರಿಯ ಚಿಂತನೆ ಮುಗಿದ ಮೇಲೂ ನೆಮ್ಮದಿ ನಿಲ್ಲುವುದನ್ನೂ ಅವರು ಆ ದಿನಗಳಲ್ಲಿಯೇ ಗುರುತಿಸಿದರು.

1522ರಲ್ಲಿ ಮನೆ ಬಿಟ್ಟು ಮನ್ರೇಸದಲ್ಲಿ ತಪಸ್ಸಿನಲ್ಲಿದ್ದಾಗ ತಮ್ಮ ಪ್ರಾರ್ಥನೆಯ ಅನುಭವಗಳನ್ನೂ ಬರೆಯಲಾರಂಭಿಸಿದರು. ‘ಆಧ್ಯಾತ್ಮಿಕ ಸಾಧನೆಗಳು’ ಎಂಬ ಗ್ರಂಥ ಬೆಳೆದದ್ದು ಇದರಿಂದ. ಆದರೆ 1527ರಲ್ಲಿ ಸಲಮಾಂಕದಲ್ಲಿ, ದೈವಶಾಸ್ತ್ರ ಕಲಿಯದವನು ಬೋಧಿಸುವುದೆಂತು ಎಂಬ ಸಂದೇಹ ಹುಟ್ಟಿ ಅವರನ್ನು ಸಂಕೋಲೆಯಲ್ಲಿಟ್ಟರು. ಅವರು ತಮ್ಮ ಕಾಗದಗಳನ್ನೆಲ್ಲ ಪರೀಕ್ಷಕರ ಕೈಗೊಪ್ಪಿಸಿದರು. ಅಷ್ಟೂ ವರ್ಷಗಳ ಅಂತರಂಗ ಅನ್ಯರ ಮೇಜಿನ ಮೇಲಿತ್ತು. 22 ದಿನಗಳ ಸೆರೆವಾಸದ ನಂತರ, ತಪ್ಪೇನೂ ಕಾಣಲಿಲ್ಲವೆಂಬ ತೀರ್ಪು ಬಂದಿತು. ಆದರೂ ಇನ್ನು ನಾಲ್ಕು ವರ್ಷ ಓದುವ ತನಕ ಮಹಾಪಾಪ ಯಾವುದು, ಅಲ್ಪಪಾಪ ಯಾವುದು ಎಂದು ಜನರಿಗೆ ಹೇಳಕೂಡದೆಂದು ಕಟ್ಟಳೆಯಾಯಿತು. ಅವರು ಓದಲು ಪ್ಯಾರಿಸಿಗೆ ಹೊರಟರು. ಅದೇ ಗ್ರಂಥಕ್ಕೆ 1548ರಲ್ಲಿ ಜಗದ್ಗುರು ಮೂರನೆಯ ಪೌಲರ ಅಂಗೀಕಾರ ದೊರೆಯಿತು.

ರೋಮಿನಲ್ಲಿ ಸಭೆಯ ಭಾರ ಹೊತ್ತಿದ್ದಾಗಲೂ ಬಲಿಪೂಜೆಯ ವೇಳೆ ಮನಸ್ಸಿನಲ್ಲಿ ಮೂಡಿದ್ದನ್ನು ಬರೆದಿಡುತ್ತಿದ್ದರು. ಕೊನೆಗಾಲದಲ್ಲಿ ಅವರ ಬಾಯಿಂದ ಜೀವನಕಥೆಯನ್ನು ಕೇಳಿ ಬರೆದುಕೊಂಡ ಗೊನ್ಸಾಲ್ವಿಸ್ ದ ಕಾಮರ ಸ್ವಾಮಿಗಳು ಆ ಬರಹಗಳನ್ನು ನೋಡಬಯಸಿದಾಗ ಸಂತರು ಕೊಡಲು ಒಪ್ಪಲಿಲ್ಲ. 1556ರ ಜುಲೈ 31ರಂದು ಅವರು ನಿಧನರಾದರು. 1544ರ ಫೆಬ್ರವರಿಯಿಂದ 1545ರ ಫೆಬ್ರವರಿಯವರೆಗಿನ ದಿನಚರಿಯಷ್ಟು ಉಳಿದಿದೆ. ಕೆಂಪು, ನೀಲಿ ಶಾಯಿಗಳ ಆ 300 ಹಾಳೆಗಳು ಉಳಿದು ಬಂದಿಲ್ಲ.