ಸಸ್ಯಪಂಡಿತರಾದ ಬಿ. ಜಿ. ಎಲ್. ಸ್ವಾಮಿಯವರ ಚರಿತ್ರೆ

ನಮ್ಮ ಉಚ್ಚಿಲದ ಕಡೆಯಲ್ಲಿ ಹಲಸಿನ ಹಲಗೆಯಿಲ್ಲದ ಹಳೆಯ ಮನೆಯು ವಿರಳವು. ಆ ಹಲಗೆಯನ್ನು ಅಡ್ಡಲಾಗಿ ಕೊಯ್ದು ತುದಿಯನ್ನು ನಯಮಾಡಿ ನೋಡಿದರೆ, ಸೂಜಿಯಿಂದ ಚುಚ್ಚಿದಂಥಾ ರಂಧ್ರಗಳು ಕಣ್ಣಿಗೆ ಬೀಳುವವು. ಬೇರಿನ ನೀರನ್ನು ಎಲೆಗಳಿಗೆ ಏರಿಸಿದ ನಾಳಗಳು ಇವೇ. ಇಂಥವುಗಳನ್ನು ಶೋಧಿಸಿದ ಕನ್ನಡಿಗರೊಬ್ಬರ ಚರಿತ್ರೆಯನ್ನು ವಾಚಕರಿಗೆ ತಿಳಿಸುತ್ತೇವೆ.

ಸ್ವಾಮಿಯವರು ಪ್ರಸಿದ್ಧ ಗ್ರಂಥಕರ್ತರಾದ ಡಿ. ವಿ. ಗುಂಡಪ್ಪನವರ ಮಗನು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಕಲಿತು, ಸೀತಾಳೆ ಗಿಡಗಳಲ್ಲಿ ಬೀಜಾಂಕುರವು ಉಂಟಾಗುವ ಕ್ರಮವನ್ನು ಸೂಕ್ಷ್ಮದರ್ಶಕದಿಂದ ಪರೀಕ್ಷಿಸಿ ಹೆಸರುವಾಸಿಯಾದರು. ಬಳಿಕ ಅಮೇರಿಕಕ್ಕೆ ಹೋಗಿ, ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಮರದ ಒಳರಚನೆಯನ್ನು ಬಲ್ಲ ಇರ್ವಿಂಗ್ ಬೈಲಿ ಪಂಡಿತರ ಸಂಗಡ ಕೆಲಸಮಾಡಿದರು.

ಆ ಕೆಲಸವು ಏನೆಂದು ತಿಳಿಯಬೇಕಾದರೆ ಕೋಶದ ಗೋಡೆಯನ್ನು ಕುರಿತು ಕೆಲವು ಮಾತು ಅವಶ್ಯ. 1665 ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಎಂಬವನು ಬೆಂಡಿನ ತೆಳ್ಳಗಿನ ಚೂರಿನಲ್ಲಿ ಜೇನುಗೂಡಿನಂಥಾ ಕೋಣೆಗಳನ್ನು ಕಂಡನು. ಅವನು ಕಂಡದ್ದು ಸತ್ತ ಕೋಶಗಳ ಗೋಡೆಗಳನ್ನೇ. ಸಸ್ಯದ ಕೋಶವು ತನ್ನ ಸುತ್ತಲೂ ಸೆಲ್ಯುಲೋಸ್ ಎಂಬ ವಸ್ತುವಿನ ಗೋಡೆಯನ್ನು ಕಟ್ಟುವದು. ನಾವು ಉಡುವ ಹತ್ತಿಯ ನೂಲು ಬಹುಮಟ್ಟಿಗೆ ಇದೇ. ಮರದಲ್ಲಿ ಲಿಗ್ನಿನ್ ಎಂಬ ಪದಾರ್ಥವೂ ಸೇರಿ ಗೋಡೆಯು ಗಟ್ಟಿಯಾಗುವದು. ನೀರು ಹರಿಯುವ ಕೋಶಗಳಲ್ಲಿ ಒಳಗಿನ ಜೀವಾಂಶವು ಸತ್ತು ಗೋಡೆ ಮಾತ್ರ ಉಳಿಯುವದು. ಹಲಸು, ತೇಗ ಮೊದಲಾದವುಗಳಲ್ಲಿ ಒಂದರ ಮೇಲೊಂದಾಗಿರುವ ಕೋಶಗಳ ಅಡ್ಡಗೋಡೆಗಳು ಕರಗಿ, ಗಂಟುಗಳ ಒಳಗಿನ ತಡೆಯನ್ನು ಕೊರೆದು ತೆಗೆದ ಬಿದಿರಿನ ಹಾಗೆ, ಉದ್ದವಾದ ನಾಳವಾಗುವದು. ಪೈನ್ ಮರದಲ್ಲಾದರೋ ಗೋಡೆಯು ಕರಗುವದಿಲ್ಲ. ಅದರಲ್ಲಿರುವ ಕುಳಿಗಳ ಪೊರೆಯನ್ನು ದಾಟಿಯೇ ನೀರು ಕೋಶದಿಂದ ಕೋಶಕ್ಕೆ ಹೋಗಬೇಕು.

ಹೂಬಿಡುವ ಸಸ್ಯಗಳ ಪೂರ್ವಿಕರಲ್ಲಿ ನಾಳಗಳು ಇರಲಿಲ್ಲವೆಂಬದು ಬೈಲಿಯವರ ಅಭಿಪ್ರಾಯ. ಆದಕಾರಣ ನಾಳವಿಲ್ಲದ ಹೂಗಿಡವೊಂದು ಸಿಕ್ಕಿದರೆ ಅದು ಪುರಾತನ ಕಾಲದ ಸಾಕ್ಷಿಯಂತೆ ಎಣಿಸಲ್ಪಡುತ್ತಿತ್ತು. ಗುರುಶಿಷ್ಯರು 1948 ರಲ್ಲಿ ನ್ಯೂ ಕ್ಯಾಲೆಡೋನಿಯ ದ್ವೀಪದ ಅಂಬೊರೆಲ್ಲಾ ಎಂಬ ಪೊದೆಯನ್ನೂ 1950 ರಲ್ಲಿ ಸಾರ್ಕಾಂಡ್ರ ಎಂಬ ಗಿಡವನ್ನೂ ನಾಳವಿಲ್ಲದವುಗಳೆಂದು ಪ್ರಕಟಿಸಿದರು. ಸಾರ್ಕಾಂಡ್ರವು ದಕ್ಷಿಣ ಭಾರತದ ಘಟ್ಟಗಳಲ್ಲಿಯೂ ಉಂಟು. ಅಲ್ಲಿಯ ಒಂದು ಜಾತಿಗೆ ಸ್ವಾಮಿಯವರು ತಮ್ಮ ಗುರುಗಳ ಹೆಸರನ್ನೇ ಇಟ್ಟರು.

ಸ್ವದೇಶಕ್ಕೆ ಬಂದ ಮೇಲೆ ಅವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಬಹುಕಾಲ ಉಪಾಧ್ಯಾಯರೂ ಆಮೇಲೆ ಮುಖ್ಯಾಧ್ಯಕ್ಷರೂ ಆಗಿದ್ದರು. ಶಿಷ್ಯರೊಡನೆ ಕಾಡುಗಳನ್ನು ಸುತ್ತಿದ ವೃತ್ತಾಂತವಾದ ಹಸುರು ಹೊನ್ನು ಎಂಬ ಪುಸ್ತಕಕ್ಕೆ 1978 ರಲ್ಲಿ ಸಾಹಿತ್ಯ ಅಕಾಡೆಮಿಯ ಬಹುಮಾನವು ದೊರೆಯಿತು. ಪಾಂಡಿತ್ಯವನ್ನು ಇಷ್ಟು ನಗುಮುಖದಿಂದ ಹೇಳಿದ ಕನ್ನಡ ಗ್ರಂಥಗಳು ಬಹಳವಿಲ್ಲವೆಂದು ನಮ್ಮ ಎಣಿಕೆ. 1980 ರಲ್ಲಿ ಅವರು ತೀರಿಕೊಂಡರು.

1987 ರಲ್ಲಿ ಕಾರ್ಲ್‌ಕ್ವಿಸ್ಟ್ ಎಂಬ ಅಮೇರಿಕದ ಪಂಡಿತನು ಸಾರ್ಕಾಂಡ್ರದ ಬೇರನ್ನು ಪರೀಕ್ಷಿಸಿ, ಕೆಲವು ಕೋಶಗಳ ಅಡ್ಡಗೋಡೆಗಳಲ್ಲಿ ಪೊರೆಯಿಲ್ಲದೆ ತೂತುಗಳಿರುವದನ್ನು ತೋರಿಸಿದನು. ಹೀಗೆ ಆ ಗಿಡವನ್ನು ನಾಳವಿಲ್ಲದವುಗಳ ಲೆಕ್ಕದಿಂದ ತೆಗೆಯಬೇಕಾಯಿತು. ಅಂಬೊರೆಲ್ಲಾದ ಸಂಗತಿ ಬೇರೆ. 1999 ರಲ್ಲಿ ಸಸ್ಯಗಳ ವಂಶಧಾತುಗಳನ್ನು ಹೋಲಿಸಿದವರು, ಈಗ ಜೀವಿಸುವ ಹೂಗಿಡಗಳಲ್ಲಿ ಮಿಕ್ಕೆಲ್ಲವುಗಳಿಂದ ಮೊಟ್ಟಮೊದಲು ಕವಲೊಡೆದದ್ದು ಆ ದ್ವೀಪದ ಪೊದೆಯೇ ಎಂದು ಕಂಡುಕೊಂಡರು.