ಎಂಟು ವರ್ಷದ ಜನಗಣತಿ ಆರೇ ವಾರದಲ್ಲಿ ಮುಗಿಯಿತೇ? ಹರ್ಮನ್ ಹೊಲೆರಿತ್ ಬದುಕಿನ ಅಸಲಿ ಕಥೆ

ಸಾಮಾನ್ಯ ಜ್ಞಾನದ ಫಾರ್ವರ್ಡ್‌ಗಳಲ್ಲಿ ಹರ್ಮನ್ ಹೊಲೆರಿತ್ ಹೆಸರು ನೀವು ನೋಡಿರಬಹುದು. ಎಂಟು ವರ್ಷ ಹಿಡಿಯುತ್ತಿದ್ದ ಜನಗಣತಿಯನ್ನು ಅವರ ಯಂತ್ರ ಆರು ವಾರದಲ್ಲಿ ಮುಗಿಸಿತು, ಐಬಿಎಂ ಕಂಪನಿ ಕಟ್ಟಿದ್ದೂ ಅವರೇ ಎಂದು ಇಂಥ ಸಂದೇಶಗಳು ಹೇಳುತ್ತವೆ. ಎರಡೂ ಅರ್ಧ ಸತ್ಯ. ಉಳಿದರ್ಧ ಏನೆಂದು ನೋಡೋಣ.

ಯಾರು ಈ ಹೊಲೆರಿತ್?

1860ರ ಫೆಬ್ರುವರಿ 29ರಂದು ಅಮೆರಿಕದ ಬಫಲೋ ನಗರದಲ್ಲಿ, ಜರ್ಮನಿಯಿಂದ ವಲಸೆ ಬಂದಿದ್ದ ಕುಟುಂಬದಲ್ಲಿ ಅವರು ಹುಟ್ಟಿದರು. 1879ರಲ್ಲಿ ಕೊಲಂಬಿಯಾದಲ್ಲಿ ಎಂಜಿನಿಯರಿಂಗ್ ಓದು ಮುಗಿಸಿ, 1880ರ ಜನಗಣತಿ ಕೆಲಸಕ್ಕೆ ಸೇರಿದರು. ಅಲ್ಲಿ ಗುಮಾಸ್ತರು ಪಟ್ಟಿಗಳನ್ನು ಓದಿ, ಗೀಟು ಹಾಕಿ ಎಣಿಸುತ್ತಿದ್ದರು. ಆ ಲೆಕ್ಕ ಪೂರ್ತಿಯಾಗಲು ಏಳೆಂಟು ವರ್ಷ ಬೇಕಾಯಿತು. ಹೀಗೇ ಆದರೆ ಹಳೆಯ ಲೆಕ್ಕ ಮುಗಿಯುವ ಮುಂಚೆಯೇ ಹೊಸ ಗಣತಿ ಬಂದುಬಿಡುತ್ತದೆ ಎಂಬ ಆತಂಕ ಶುರುವಾಯಿತು. ಎಣಿಕೆಗೆ ಯಂತ್ರ ಇರಬೇಕಿತ್ತು ಎಂಬ ಸುಳಿವನ್ನು ಹಿರಿಯ ಅಧಿಕಾರಿ ಜಾನ್ ಶಾ ಬಿಲ್ಲಿಂಗ್ಸ್ ಕೊಟ್ಟರು. ಹೊಲೆರಿತ್ ಅದನ್ನೇ ಹಿಡಿದು ಹೊರಟರು.

ತೂತುಗಳೇ ಮಾಹಿತಿ

ಮೊದಲು ಅವರು ಉದ್ದನೆಯ ಕಾಗದದ ಸುರುಳಿಯಲ್ಲಿ ತೂತು ಹೊಡೆದು ನೋಡಿದರು. ಒಬ್ಬರ ವಿವರ ಬೇಕೆಂದರೆ ಇಡೀ ಸುರುಳಿ ಬಿಚ್ಚಬೇಕಾಗುತ್ತಿತ್ತು. ಹಾಗಾಗಿ ಒಬ್ಬರಿಗೆ ಒಂದು ಕಾರ್ಡ್ ಎಂದು ಬದಲಾಯಿಸಿದರು. ರೈಲಿನ ಕಂಡಕ್ಟರ್ ಪ್ರಯಾಣಿಕರ ಚಹರೆಯನ್ನು ಟಿಕೆಟ್ಟಿನಲ್ಲಿ ತೂತು ಹೊಡೆದು ಗುರುತಿಸುತ್ತಿದ್ದುದು ಈ ಉಪಾಯಕ್ಕೆ ನೆರವಾಯಿತು.

ಕಾರ್ಡಿನಲ್ಲಿ ಲಿಂಗ, ವಯಸ್ಸು, ಹುಟ್ಟಿದ ದೇಶ, ಉದ್ಯೋಗ ಹೀಗೆ ಒಂದೊಂದಕ್ಕೂ ಗೊತ್ತಾದ ಜಾಗವಿತ್ತು. ಕಾರ್ಡನ್ನು ಯಂತ್ರದಲ್ಲಿಟ್ಟು ಹಿಡಿ ಒತ್ತಿದರೆ, ತೂತಿದ್ದ ಕಡೆ ಸೂಜಿ ಒಳಗಿಳಿದು ಪಾದರಸದ ಪುಟ್ಟ ಬಟ್ಟಲನ್ನು ಮುಟ್ಟುತ್ತಿತ್ತು. ವಿದ್ಯುತ್ ಹರಿದು ಮೀಟರಿನ ಮುಳ್ಳು ಒಂದು ಮನೆ ಮುಂದೆ ಸರಿಯುತ್ತಿತ್ತು. 1889ರಲ್ಲಿ ಇದಕ್ಕೆ ಪೇಟೆಂಟ್ ಸಿಕ್ಕಿತು. ಗಣತಿಗೆ ಮುನ್ನ ನಡೆದ ಪರೀಕ್ಷೆಯಲ್ಲಿ ಎದುರಾಳಿ ವಿಧಾನಗಳಿಗೆ 44 ಗಂಟೆಗೂ ಹೆಚ್ಚು ಹಿಡಿದ ಎಣಿಕೆಯನ್ನು ಅವರ ಯಂತ್ರ ಸುಮಾರು ಐದೂವರೆ ಗಂಟೆಯಲ್ಲಿ ಮುಗಿಸಿತು.

ಆರು ವಾರದ ಮಾತು ನಿಜವೇ?

1890ರ ಗಣತಿಯಲ್ಲಿ ಸುಮಾರು ಆರು ವಾರದಲ್ಲಿ ಸಿಕ್ಕಿದ್ದು ಬರೀ ತಲೆ ಎಣಿಕೆ: ಸುಮಾರು 6 ಕೋಟಿ 26 ಲಕ್ಷ. ವಯಸ್ಸು, ಉದ್ಯೋಗ ಮುಂತಾದ ಪೂರ್ತಿ ವಿವರದ ಸಂಪುಟಗಳು ಹೊರಬರಲು ಮತ್ತೂ ಹಲವು ವರ್ಷ ಬೇಕಾಯಿತು. ಜನ ಆರೂವರೆ ಕೋಟಿಗೂ ಹೆಚ್ಚಿನ ನಿರೀಕ್ಷೆಯಲ್ಲಿದ್ದರಿಂದ ಪತ್ರಿಕೆಗಳು ಯಂತ್ರದ ಮೇಲೇ ಹರಿಹಾಯ್ದವು. ಆದರೆ ಯಂತ್ರ ಕೊಟ್ಟಿದ್ದನ್ನಷ್ಟೇ ಎಣಿಸಬಲ್ಲದು. ಗಣತಿದಾರ ಒಂದು ಮನೆ ಬಿಟ್ಟು ಬಂದಿದ್ದರೆ, ಆ ಮನೆಯನ್ನು ಅದು ಹುಡುಕಿ ತರಲಾರದು.

ಐಬಿಎಂ ಕಟ್ಟಿದ್ದು ಅವರೇ?

1896ರಲ್ಲಿ ಹೊಲೆರಿತ್ ತಮ್ಮದೇ ಟ್ಯಾಬ್ಯುಲೇಟಿಂಗ್ ಮಷೀನ್ ಕಂಪನಿ ಶುರುಮಾಡಿ ಯಂತ್ರಗಳನ್ನು ಬಾಡಿಗೆಗೆ ಕೊಟ್ಟರು. ಬಾಡಿಗೆ ದುಬಾರಿ ಎಂದು ಗಣತಿ ಇಲಾಖೆಯೇ ಅವರಿಂದ ದೂರವಾಗಿ, 1910ರ ಗಣತಿಗೆ ಸ್ವಂತ ಯಂತ್ರ ಮಾಡಿಸಿಕೊಂಡಿತು. 1911ರಲ್ಲಿ ಅವರ ಕಂಪನಿ ಬೇರೆ ಕಂಪನಿಗಳ ಜೊತೆ ವಿಲೀನವಾಯಿತು. ಆ ಕೂಡುಸಂಸ್ಥೆಗೆ ಐಬಿಎಂ ಎಂಬ ಹೆಸರು ಬಂದಿದ್ದು 1924ರಲ್ಲಿ, ಥಾಮಸ್ ವಾಟ್ಸನ್ ಮುಖ್ಯಸ್ಥರಾಗಿದ್ದಾಗ. ಅಂದರೆ ಐಬಿಎಂನ ಒಂದು ಬೇರು ಹೊಲೆರಿತ್, ಒಬ್ಬರೇ ಸ್ಥಾಪಕರಲ್ಲ. 1929ರ ನವೆಂಬರ್ 17ರಂದು ವಾಷಿಂಗ್ಟನ್‌ನಲ್ಲಿ ಅವರು ತೀರಿಕೊಂಡರು.

ನಿಮ್ಮ ಫೋನಿಗೂ ಇದಕ್ಕೂ ಏನು ಸಂಬಂಧ?

ಇಂದು ಆ್ಯಪ್‌ನಲ್ಲಿ ನೀವು ತುಂಬಿದ ಫಾರಂ ಸಾಮಾನ್ಯವಾಗಿ ಜೇಸನ್ ಎಂಬ ಅಚ್ಚುಕಟ್ಟಾದ ಪಠ್ಯವಾಗಿ ಸರ್ವರ್‌ಗೆ ಹೋಗುತ್ತದೆ. ಅಲ್ಲಿನ ಪ್ರೋಗ್ರಾಂ ಅದನ್ನು ಬಿಡಿಸಿ ಹೆಸರು, ವಯಸ್ಸು, ಊರು ಎಂಬ ಖಾನೆಗಳಿರುವ ಆಬ್ಜೆಕ್ಟ್ ಮಾಡಿಕೊಳ್ಳುತ್ತದೆ. ಇದು ಹೊಲೆರಿತ್ ಕಂಡುಹಿಡಿದದ್ದಲ್ಲ, ಆದರೆ ತತ್ವ ಅದೇ: ಒಬ್ಬರಿಗೆ ಒಂದು ಕಾರ್ಡ್, ಒಂದು ವಿವರಕ್ಕೆ ಒಂದು ಜಾಗ.

ಮಿತಿಯೂ ಅದೇ. ವಯಸ್ಸಿನ ಜಾಗದಲ್ಲಿ 34 ಎಂದು ಅಂಕಿಯಲ್ಲಿ ಬರೆಯದೆ ಅಕ್ಷರದಲ್ಲಿ ಬರೆದರೆ, ಅಂಕಿಯನ್ನೇ ಕೇಳುವ ಪ್ರೋಗ್ರಾಂ ಅದನ್ನು ತಿರಸ್ಕರಿಸುತ್ತದೆ. 34ರ ಬದಲು 43 ಎಂದು ಬರೆದರೆ ತಕರಾರಿಲ್ಲದೆ ಒಪ್ಪಿಕೊಳ್ಳುತ್ತದೆ. ಹೊಲೆರಿತ್ ಯಂತ್ರವೂ ಕಾರ್ಡನ್ನು ಸರಿಯಾಗಿ ಓದಿದಾಗ ಗಂಟೆ ಬಾರಿಸುತ್ತಿತ್ತು. ಗಂಟೆ ಬಾರಿಸಿತು ಎಂದ ಮಾತ್ರಕ್ಕೆ ಕಾರ್ಡಿನಲ್ಲಿದ್ದದ್ದು ನಿಜ ಎಂದಲ್ಲ. ಆದ್ದರಿಂದ ಆನ್‌ಲೈನ್ ಫಾರಂ ತುಂಬಿ ಸಬ್‌ಮಿಟ್ ಒತ್ತುವ ಮುಂಚೆ ಹೆಸರು, ಹುಟ್ಟಿದ ದಿನ, ಖಾತೆ ಸಂಖ್ಯೆಯನ್ನು ಇನ್ನೊಮ್ಮೆ ಓದಿ. ಫಾರ್ವರ್ಡ್ ಒತ್ತುವ ಮುಂಚೆಯೂ ಅಷ್ಟೇ.