ಗಿಲ್ಬರ್ಟ್ ನ್ಯೂಟನ್ ಲೂಯಿಸರು

ನಾವು ಕುಡಿಯುವ ನೀರಿನ ಒಂದೊಂದು ಅಣುವಿನಲ್ಲಿಯೂ ಎರಡು ಜಲಜನಕ ಪರಮಾಣುಗಳು ಒಂದು ಆಮ್ಲಜನಕ ಪರಮಾಣುವಿನೊಡನೆ ಕೂಡಿರುವುವೆಂದು ಬಲ್ಲೆವು. ಅವುಗಳ ನಂಟಿನ ಮರ್ಮವನ್ನು ತಿಳಿಯಹೇಳಿದ ಮಹನೀಯರು ಗಿಲ್ಬರ್ಟ್ ನ್ಯೂಟನ್ ಲೂಯಿಸರು.

ಇವರು 1875ನೆಯ ಇಸವಿ ಅಕ್ಟೋಬರ್ ತಿಂಗಳಲ್ಲಿ ಅಮೆರಿಕಾ ದೇಶದ ಮ್ಯಾಸಚೂಸೆಟ್ಸ್ ಸಂಸ್ಥಾನದಲ್ಲಿ ಜನಿಸಿದರು. ಬಾಲ್ಯದಲ್ಲಿ ಬಹುಮಟ್ಟಿಗೆ ಮನೆಯಲ್ಲಿಯೇ ವಿದ್ಯೆ ಕಲಿತು, 1899ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಡಾಕ್ಟರ್ ಪದವಿಯನ್ನು ಪಡೆದರು. 1912ರಲ್ಲಿ ಬರ್ಕ್ಲಿ ನಗರದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವನ್ನು ಸೇರಿ ಕಡೆಯವರೆಗೂ ಅಲ್ಲಿಯೇ ಇದ್ದರು.

ಉಪ್ಪಿನಲ್ಲಿ ಸೋಡಿಯಂ ಪರಮಾಣು ತನ್ನ ಒಂದು ಎಲೆಕ್ಟ್ರಾನನ್ನು ಕ್ಲೋರಿನ್ನಿಗೆ ಕೊಟ್ಟುಬಿಡುವುದು. ಆದರೆ ಸಮಬಲವುಳ್ಳ ಎರಡು ಜಲಜನಕ ಪರಮಾಣುಗಳು ಕೂಡಿದಾಗ ಕೊಡುವುದಾವುದು, ಕೊಳ್ಳುವುದಾವುದು? ಎರಡೂ ಒಂದೊಂದು ಎಲೆಕ್ಟ್ರಾನನ್ನು ತರುವುವು. ಆ ಜೋಡಿಯು ಎರಡಕ್ಕೂ ಸೇರಿದ ಸ್ವತ್ತಾಗುವುದು. ಅದೇ ಬಂಧವೆಂದು ಲೂಯಿಸರು 1916ರಲ್ಲಿ ಪ್ರಕಟಿಸಿದರು. ನೀರಿನಲ್ಲಿಯೂ ಹೀಗೆಯೇ: ಹೊರಗಿನ ಕಕ್ಷೆಯಲ್ಲಿ 6 ಎಲೆಕ್ಟ್ರಾನುಗಳುಳ್ಳ ಆಮ್ಲಜನಕವು ಎರಡು ಜಲಜನಕಗಳೊಡನೆ ಎರಡು ಜೋಡಿಗಳನ್ನು ಹಂಚಿಕೊಂಡು 8ರ ಪೂರ್ಣತೆಯನ್ನು ಹೊಂದುವುದು. ಈ ಜೋಡಿಯನ್ನು ಎರಡು ಚುಕ್ಕೆಗಳಿಂದ ಬರೆದು ತೋರಿಸಿದವರೂ ಇವರೇ.

1919ರಲ್ಲಿ ಲ್ಯಾಂಗ್‌ಮ್ಯೂರ್ ಎಂಬ ವಿದ್ವಾಂಸರು ಈ ವಾದವನ್ನು ವಿಸ್ತರಿಸಿ ಕೋವೇಲೆನ್ಸ್ ಎಂಬ ಹೆಸರನ್ನಿಟ್ಟರು. ಕೆಲಕಾಲ ಕೀರ್ತಿಯ ಬಹುಭಾಗವು ಅವರಿಗೇ ಸಂದಿತು. ಲೂಯಿಸರ ಹೆಸರು ನೊಬೆಲ್ ಬಹುಮಾನಕ್ಕೆ ಅನೇಕಾವರ್ತಿ ಸೂಚಿತವಾದರೂ ಅದು ಅವರಿಗೆ ಲಭಿಸಲಿಲ್ಲ. ಆದರೂ ಅವರು ಕೆಲಸವನ್ನು ಬಿಡಲಿಲ್ಲ; 1946ನೆಯ ಮಾರ್ಚ್ 23ರಂದು ಪ್ರಯೋಗಶಾಲೆಯಲ್ಲಿಯೇ ಕಾಲವಾದರು.

ಬಹುಮಾನವು ಬಾರದಿದ್ದರೇನು? ರಸಾಯನಶಾಸ್ತ್ರದ ಮೊದಲ ಪಾಠಗಳಲ್ಲಿ ಆ ಎರಡು ಚುಕ್ಕೆಗಳನ್ನು ಇಡುವ ನಾವೆಲ್ಲರೂ ಅವರ ಶಿಷ್ಯರೇ ಆಗಿದ್ದೇವೆ.